ಕಾರ್ಮಿಕ ಕಾನೂನು ಓದಲು ಹಣ ಎಲ್ಲಿಂದ? ನಾರಾಯಣಪೇಟೆ, ಮಕ್ತಲ್, ಗದ್ವಾಲ್ ವಿದ್ಯಾರ್ಥಿಗಳಿಗೆ ಮಾಹಿತಿ

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ತೆಲಂಗಾಣದ ಊರುಗಳಾದರೂ ರಾಯಚೂರಿಗೆ ಹತ್ತಿರ. ಕೃಷ್ಣಾ, ಮಾಗನೂರು ಕಡೆ ಕನ್ನಡ ಮನೆಮಾತಿನವರು ಈಗಲೂ ಇದ್ದಾರೆ. ಹಳೆ ಮಹಬೂಬ್‌ನಗರ ಜಿಲ್ಲೆಯಿಂದ ಕಟ್ಟಡ, ಕಾಲುವೆ ಕೆಲಸಕ್ಕೆ ಗುಳೆ ಹೋಗುವವರಿಗೆ 'ಪಾಲಮೂರು ಲೇಬರ್' ಎಂಬ ಹೆಸರೇ ಬಿದ್ದಿದೆ. ಗದ್ವಾಲ್ ಸುತ್ತ ಹತ್ತಿ ಬೀಜದ ಹೊಲಗಳಲ್ಲಿ ಮಕ್ಕಳನ್ನು ದುಡಿಸಿದ ಕತೆಯೂ ಹೊಸತಲ್ಲ. ಇಂಥ ಮನೆಯ ಮಕ್ಕಳು ಕಾರ್ಮಿಕರ ಹಕ್ಕಿನ ವಕೀಲರಾಗಬೇಕೆಂದರೆ ದಾರಿ ಯಾವುದು?

'ಕಾರ್ಮಿಕ ಕಾನೂನು ಸ್ಕಾಲರ್‌ಶಿಪ್' ಎಂಬ ಹೆಸರನ್ನೇ ಹುಡುಕುತ್ತ ಕೂತರೆ ಸಮಯ ಹಾಳು. ಎಲ್‌ಎಲ್‌ಬಿಯಲ್ಲಿ ಕಾರ್ಮಿಕ ಕಾನೂನು ಕಡ್ಡಾಯ ವಿಷಯ. ಹಾಗಾಗಿ ಎಲ್‌ಎಲ್‌ಬಿಗೆ ಸಿಗುವ ಹಣವನ್ನೇ ಹಿಡಿಯಬೇಕು. ತೆಲಂಗಾಣದಲ್ಲಿ ಅದು ಇ-ಪಾಸ್ ಮೂಲಕ ಬರುವ ಫೀಸು ಮರುಪಾವತಿ. ಅಲ್ಪಸಂಖ್ಯಾತ ಮತ್ತು ಹಿಂದುಳಿದ ವರ್ಗದವರಿಗೆ ವರ್ಷದ ಆದಾಯ ಮಿತಿ ಹಳ್ಳಿಯಲ್ಲಿ 1.5 ಲಕ್ಷ, ಪೇಟೆಯಲ್ಲಿ 2 ಲಕ್ಷ ರೂಪಾಯಿ. ಹಾಜರಾತಿ ಶೇ. 75 ಇರಬೇಕು. ಮ್ಯಾನೇಜ್‌ಮೆಂಟ್ ಸೀಟು ತಗೊಂಡರೆ ಇದು ಸಿಗಲ್ಲ. ಕನ್ವೀನರ್ ಕೋಟಾ ಸೀಟೇ ಬೇಕು, ಅದಕ್ಕೆ ಲಾಸೆಟ್ ಬರೆಯಬೇಕು.

ಲಾಸೆಟ್‌ನಲ್ಲಿ 120 ಪ್ರಶ್ನೆ, 90 ನಿಮಿಷ. ಅದರಲ್ಲಿ 60 ಪ್ರಶ್ನೆ ಕಾನೂನಿನ ಅಭಿರುಚಿಯದು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಜೊತೆ ತೆಲುಗು ಅಥವಾ ಉರ್ದುವಿನಲ್ಲಿ ಇರುತ್ತದೆ, ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ, ಮನೆಯಲ್ಲಿ ಉರ್ದು ಬಲ್ಲ ಮಕ್ಕಳು ಅರ್ಜಿ ಹಾಕುವಾಗಲೇ ಭಾಷೆ ಯೋಚಿಸಿ ಆರಿಸಬೇಕು.

ದೊಡ್ಡ ತೊಡಕು ಬೇರೆಯೇ ಇದೆ. ಶೇ. 85 ಸೀಟು ಸ್ಥಳೀಯರಿಗೆ. ಸ್ಥಳೀಯರು ಯಾರೆಂಬುದನ್ನು ಎಲ್ಲಿ ಓದಿದ್ದೀರಿ ಎಂಬ ಸ್ಟಡಿ ಸರ್ಟಿಫಿಕೇಟ್ ನೋಡಿ ತೀರ್ಮಾನಿಸುತ್ತಾರೆ. ಹತ್ತಿರ ಅಂತ ರಾಯಚೂರಿಗೆ ಹೋಗಿ ಪಿಯುಸಿ ಮಾಡಿದವರು, ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಊರೂರಲ್ಲಿ ಓದಿದವರು ಇಲ್ಲೇ ಎಡವುವುದು. ಎಸ್ಸೆಸ್ಸೆಲ್ಸಿ ಮುಗಿಸಿ ಟಿಸಿ ತೆಗೆಯುವ ಮೊದಲೇ ಆ ವರ್ಷದ ನಿಯಮ ಕೇಳಿಕೊಳ್ಳಬೇಕು. ಕಲಿತ ಪ್ರತಿ ಶಾಲೆಯಿಂದಲೂ ಸರ್ಟಿಫಿಕೇಟ್ ಬರೆಸಿ ಇಟ್ಟುಕೊಳ್ಳಬೇಕು.

ಕರ್ನಾಟಕದಲ್ಲಿ 2ಬಿ ಇದ್ದ ಹಾಗೆ ಅಲ್ಲಿ ಬಿಸಿ-ಇ, ಮೀಸಲಾತಿ ಶೇ. 4. ಆದರೆ ಎಲ್ಲ ಮುಸ್ಲಿಮರೂ ಅದರಲ್ಲಿ ಬರಲ್ಲ. ಸೈಯದ್, ಪಠಾಣ್, ಮೊಘಲ್ ಹೊರಗೆ. ಅವರು ಅಲ್ಪಸಂಖ್ಯಾತರ ಲೆಕ್ಕದಲ್ಲೇ ಇ-ಪಾಸ್ ಅರ್ಜಿ ಹಾಕಬೇಕು. ಆದಾಯ, ಜಾತಿ ಪತ್ರ ಮೀಸೇವಾದಲ್ಲಿ ಸಿಗುತ್ತವೆ.

ಫೀಸು ಸರಕಾರ ಕೊಡುತ್ತದೆ ಎಂದು ಕೈ ಖಾಲಿ ಮಾಡಿ ಕೂರುವಂತಿಲ್ಲ. ಮರುಪಾವತಿ ಬಾಕಿಗಾಗಿ 2025ರಲ್ಲಿ ಖಾಸಗಿ ಕಾಲೇಜುಗಳು ಬಂದ್ ಮಾಡಿದ್ದವು. ಹಣ ತಡವಾದರೆ ಕಾಲೇಜು ವಿದ್ಯಾರ್ಥಿಯನ್ನೇ ಕೇಳುತ್ತದೆ. ಮೊದಲ ವರ್ಷದ ಫೀಸಿನಷ್ಟಾದರೂ ಮನೆಯವರೋ ಜಮಾಅತ್‌ನವರೋ ಹೊಂದಿಸಿಟ್ಟರೆ ಓದು ನಿಲ್ಲಲ್ಲ.

ಬೀಡಿ ಕಟ್ಟುವ ಮನೆಯ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಸಹಾಯಧನ ಬೇರೆ ಇದೆ. ಒಂದನೇ ತರಗತಿಗೆ 1,000 ರೂಪಾಯಿಯಿಂದ ಶುರುವಾಗಿ, ಪದವಿಗೆ 6,000, ವೃತ್ತಿಪರ ಕೋರ್ಸಿಗೆ 25,000 ರೂಪಾಯಿವರೆಗೆ. ಅರ್ಜಿ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಕರಾವಳಿಯ ಬೀಡಿ ಮನೆಗಳಿಗೂ ಇದೇ ಯೋಜನೆ. ನಾರಾಯಣಪೇಟೆ, ಗದ್ವಾಲ್ ಸೀರೆ ನೇಯುವವರ ಮಕ್ಕಳಿಗೆ ಕೈಮಗ್ಗ ಯೋಜನೆಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಇದೆ, ಆದರೆ ಜವಳಿ ಕೋರ್ಸಿಗೆ ಮಾತ್ರ. ನೇಕಾರನ ಮಗಳು ನೇಕಾರರ ಕೂಲಿಯ ಕಾನೂನು ಓದುವುದಾದರೆ ಅದು ಸಿಗದು!

ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವವರು ಒಮ್ಮೆ ತಿರುವಿ ನೋಡಿ. 29 ಕಾರ್ಮಿಕ ಕಾನೂನುಗಳ ಜಾಗದಲ್ಲಿ 2025ರ ನವೆಂಬರ್ 21ರಿಂದ ನಾಲ್ಕು ಸಂಹಿತೆಗಳು ಬಂದಿವೆ. ಗುಳೆ ಕಾರ್ಮಿಕರ 1979ರ ಕಾಯ್ದೆಯೂ ಅದರಲ್ಲೇ ಸೇರಿಹೋಗಿದೆ.