ಬ್ಲೇಡು ಹಿಡಿದವರ ಚರಿತ್ರೆ

ರಾಕ್ ತಂಡಗಳ ಸ್ಟುಡಿಯೊ ಪ್ರಯೋಗವೆಂದರೆ ದುಬಾರಿ ಯಂತ್ರಗಳ ಕಥೆ ಎಂಬ ನಂಬಿಕೆ ಈಗ ಗಟ್ಟಿಯಾಗಿ ಬೇರೂರಿದೆ. ಇಪ್ಪತ್ತು ವರ್ಷಕ್ಕೂ ಮೀರಿ ಧ್ವನಿಮುದ್ರಣದ ಕೋಣೆಯಲ್ಲಿ ಟೇಪು ಕತ್ತರಿಸಿ ಅಂಟಿಸಿದ ನನಗೆ ಈ ಮಾತು ಒಪ್ಪಿಗೆಯಿಲ್ಲ.

ಆರಂಭದ ಕಥೆ ಬಹುಮಂದಿಗೆ ಗೊತ್ತಿರುವುದೇ. 1966ರ ಏಪ್ರಿಲ್‌ನಲ್ಲಿ ಬೀಟಲ್ಸ್ ತಂಡ ಲಂಡನ್ನಿನ ಅಬ್ಬೆ ರೋಡ್‌ನಲ್ಲಿ ‘ಟುಮಾರೊ ನೆವರ್ ನೋಸ್’ ಮುದ್ರಿಸಿತು. ನಮ್ಮ ಕಚೇರಿಗಳಲ್ಲಿ ಶ್ರುತಿ ಹಿಡಿಯುವ ತಂಬೂರಿಯೇ ಅಲ್ಲೂ ಮೊಳಗುತ್ತದೆ. ಅದರ ಮೇಲೆ ಸುತ್ತುತ್ತಲೇ ಇರುವ ಟೇಪಿನ ಕುಣಿಕೆಗಳು. ಜಾನ್ ಲೆನನ್ ದನಿಯನ್ನು ತಿರುಗುವ ಸ್ಪೀಕರಿನಿಂದ ಹಾಯಿಸಿದ ಎಂಜಿನಿಯರ್ ಜೆಫ್ ಎಮೆರಿಕ್‌ಗೆ ಆಗ 20 ವರ್ಷ. ಮರುವರ್ಷದ ‘ಸಾರ್ಜೆಂಟ್ ಪೆಪ್ಪರ್ಸ್’ ಕೂಡ ಮೂಡಿದ್ದು ನಾಲ್ಕೇ ಟ್ರ್ಯಾಕಿನ ಯಂತ್ರಗಳಲ್ಲಿ. ಪಿಂಕ್ ಫ್ಲಾಯ್ಡ್ ತಂಡದ ಬಗ್ಗೆಯೂ ಬೇಕಾದಷ್ಟು ಬರೆದಾಗಿದೆ.

ನನ್ನ ಪಾಲಿಗೆ ನಿಜವಾದ ಜಿಗಿತ ಜರ್ಮನಿಯದು. 1968ರಲ್ಲಿ ಕಲೋನ್‌ನಲ್ಲಿ ಕೂಡಿದ ‘ಕ್ಯಾನ್’ ತಂಡದ ಹೊಲ್ಗರ್ ಚೂಕಾಯ್ ಮತ್ತು ಇರ್ಮಿನ್ ಶ್ಮಿಟ್ ಸಂಗೀತ ಸಂಯೋಜಕ ಸ್ಟಾಕ್‌ಹೌಸೆನ್ನರ ಶಿಷ್ಯರು. ಮೊದಲು ಒಂದು ಹಳೆಯ ಕೋಟೆಮನೆ, ಆಮೇಲೆ ಮುಚ್ಚಿದ ಸಿನೆಮಾ ಟಾಕೀಸು ಅವರ ಸ್ಟುಡಿಯೊ ಆದವು. ಟಾಕೀಸಿನ ಗೋಡೆಗೆ ಸೇನೆಯ ಹಾಸಿಗೆಗಳನ್ನು ಹೊಡೆದಿದ್ದರು. ಎರಡೂ ಗಂಟೆ ಲೆಕ್ಕದ ಬಾಡಿಗೆಯಿಲ್ಲದ ಜಾಗಗಳು. ಎಷ್ಟು ಹೊತ್ತು ಬೇಕಾದರೂ ನುಡಿಸಬಹುದು. ಆ ನುಡಿಸಾಣಿಕೆಯನ್ನು ಚೂಕಾಯ್ ಎರಡು ಟ್ರ್ಯಾಕಿನ ಯಂತ್ರದಲ್ಲಿ ಹಿಡಿದು, ಕತ್ತರಿಸಿ, ಹಾಡಾಗಿಸುತ್ತಿದ್ದರು. 1971ರ ‘ಟಾಗೊ ಮಾಗೊ’ ಹುಟ್ಟಿದ್ದು ಹೀಗೆ.

ಆ ಕೆಲಸ ಎಂಥದ್ದೆಂದು ನನ್ನ ಬೆರಳಿಗೆ ಗೊತ್ತು. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಡ್ರಮ್ಮಿನ ಪೆಟ್ಟು ಎಲ್ಲಿ ಶುರುವಾಗುತ್ತದೆಂದು ರೀಲನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ ಆಲಿಸಬೇಕು. ಬಿಳಿ ಪೆನ್ಸಿಲ್ಲಿನ ಗುರುತು, ಓರೆಯಾಗಿ ಬ್ಲೇಡು, ಆಮೇಲೆ ಅಂಟು. ಅರ್ಧ ಇಂಚು ತಪ್ಪಿದರೂ ಲಯ ಕುಂಟುತ್ತದೆ.

ಜರ್ಮನಿಯದೇ ಆದ ‘ನೋಯ್!’ ಜೋಡಿಯದು ಇನ್ನೂ ಬಡತನದ ಪ್ರಯೋಗ. 1973ರ ಎರಡನೇ ಆಲ್ಬಮ್ ಅರ್ಧವಾಗುವಷ್ಟರಲ್ಲಿ ದುಡ್ಡು ಮುಗಿಯಿತು. ಆಗಲೇ ಬಂದಿದ್ದ ತಮ್ಮದೇ ಎರಡು ಹಾಡುಗಳ ಸಣ್ಣ ತಟ್ಟೆಯನ್ನು 78ರ ವೇಗದಲ್ಲಿ, 16ರ ವೇಗದಲ್ಲಿ ತಿರುಗಿಸಿ ಇನ್ನೊಂದು ಮಗ್ಗುಲು ತುಂಬಿಸಿದರು. ಮೋಸವೆಂದು ಆಗ ಬೈದವರಿದ್ದರು. ನನಗದು ಆ ದಶಕದ ಅತ್ಯಂತ ಧೈರ್ಯದ ಕೆಲಸಗಳಲ್ಲಿ ಒಂದು.

ಮುಂದೆ ಬಂದ ಟಾಕ್ ಟಾಕ್‌ನ ‘ಸ್ಪಿರಿಟ್ ಆಫ್ ಈಡನ್’ (1988), ರೇಡಿಯೊಹೆಡ್‌ನ ‘ಕಿಡ್ ಎ’ (2000) ಒಳ್ಳೆಯ ಕೃತಿಗಳೇ. ಮೊದಲನೆಯದರ ಮೌನ ಇಂದಿಗೂ ಹೊಸದು.

ಇಷ್ಟೆಲ್ಲ ಚರಿತ್ರೆಯಲ್ಲಿ ಗಾಯಕರ ಹೆಸರು ಮುಂದೆ, ಮಿಕ್ಸರ್ ಹಿಂದೆ ಕೂತವರದು ಅಂಚಿನಲ್ಲಿ. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಮಿಕ್ಸರನ್ನೇ ವಾದ್ಯ ಮಾಡಿಕೊಂಡ ಕಿಂಗ್ ಟಬ್ಬಿಗೆ ‘ರಾಕ್ ಅಲ್ಲ’ ಎಂದು ಬಾಗಿಲು ಮುಚ್ಚಿದರು. ‘ನೋಯ್!’ ತಟ್ಟೆಗಳ ಜತೆ ನಿಂತ ಎಂಜಿನಿಯರ್ ಕೋನಿ ಪ್ಲಾಂಕ್ 1987ರಲ್ಲಿ 47ರ ಹರೆಯದಲ್ಲೇ ತೀರಿಕೊಂಡರು. ಅವರ ಮೇಲಿನ ಸಾಕ್ಷ್ಯಚಿತ್ರ ಬಂದದ್ದು 2017ರಲ್ಲಿ. ಅದಕ್ಕೂ ಮಗನೇ ಮುಂದಾಗಬೇಕಾಯಿತು.

‘ಟಾಗೊ ಮಾಗೊ’ದಲ್ಲಿ 18 ನಿಮಿಷದ ‘ಹಲೆಲುವಾ’ ಇದೆ. ಹೆಡ್‌ಫೋನ್ ಹಾಕಿಕೊಂಡು, ಚೂಕಾಯ್ ಬ್ಲೇಡು ಎಲ್ಲೆಲ್ಲಿ ಇಳಿದಿದೆ ಎಂದು ಒಮ್ಮೆ ಹುಡುಕಿ ನೋಡಿ.