ಹಿಂದಕ್ಕೆ ತೆಗೆದ ಲಾರಿ

ಮೊನ್ನೆ ಪರಿಚಯದ ಲಾರಿ ಡ್ರೈವರ್ ಒಬ್ಬರು ಸಿಕ್ಕಿದ್ದರು. ಗೋಡೌನಿನಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ಗುದ್ದಿದ್ದಾರೆ. "ಕೆಲಸ ಹೋಗತ್ತಾ ಸಾರ್? ರಿಪೇರಿ ದುಡ್ಡು ನನ್ನ ಸಂಬಳದಲ್ಲೇ ಹಿಡೀತಾರಾ?" ಅಂತ ಒಂದೇ ಚಿಂತೆ. ನನಗೆ ಇಂಗ್ಲೆಂಡಿನ ಹಳೆಯ ಮೊಕದ್ದಮೆಯೊಂದು ನೆನಪಾಯಿತು.

1949ರ ಜನವರಿ. ರಾಮ್‌ಫರ್ಡ್ ಐಸ್ ಕಂಪನಿಯ ಡ್ರೈವರ್ ಲಿಸ್ಟರ್, ಕಸಾಯಿಖಾನೆಯ ಅಂಗಳದಲ್ಲಿ ಲಾರಿ ಹಿಂದಕ್ಕೆ ತೆಗೆದ. ಹಿಂದೆ ಇದ್ದವರು ಅದೇ ಲಾರಿಯಲ್ಲಿ ಜೊತೆಗೆ ಕೆಲಸಕ್ಕಿದ್ದ ಅವನ ಅಪ್ಪ! ಗಾಯಗೊಂಡ ಅಪ್ಪನಿಗೆ ಕಂಪನಿಯ ಪರವಾಗಿ ವಿಮೆಯವರು ಪರಿಹಾರ ಕೊಟ್ಟರು. ಆಮೇಲೆ ಕಂಪನಿಯ ಹೆಸರಿನಲ್ಲೇ ಮಗನ ಮೇಲೆ ದಾವೆ ಹೂಡಿ ಆ ಹಣ ವಾಪಸ್ ಕೇಳಿದರು. 1956ರ ಡಿಸೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ 3-2 ಬಹುಮತದಿಂದ 'ಮಗನೇ ಕೊಡಬೇಕು' ಎಂದಿತು. ಹುಷಾರಾಗಿ ಓಡಿಸುವುದು ನೌಕರಿಯ ಕರಾರಿನಲ್ಲೇ ಅಡಗಿದೆಯಂತೆ!

ಟೀಕೆ ಜೋರಾಯಿತು. ಕೊನೆಗೆ ವಿಮಾ ಕಂಪನಿಗಳೇ, ಬೇಕೆಂದೇ ಮಾಡಿದ ತಪ್ಪೋ ಮೋಸವೋ ಇಲ್ಲದಿದ್ದರೆ ನೌಕರರ ಬೆನ್ನು ಹತ್ತುವುದಿಲ್ಲ ಎಂದು ಒಪ್ಪಿಕೊಂಡವು. ಕಾನೂನು ಬದಲಾಗಲಿಲ್ಲ, ಬರೀ ಮಾತು ಕೊಟ್ಟರು ಅಷ್ಟೆ.

ನಮ್ಮ ಡ್ರೈವರಿಗೆ ಈ ಕತೆ ಹೇಳಿ ಇನ್ನಷ್ಟು ಹೆದರಿಸಲಿಲ್ಲ. ಆದರೆ ದಿನವಿಡೀ ಲಾರಿ ಓಡಿಸುವವರಿಂದ ಒಂದಲ್ಲ ಒಂದು ದಿನ ತಪ್ಪಾಗುತ್ತದೆ. ಆ ನಷ್ಟಕ್ಕೆಂದೇ ಅಲ್ಲವೇ ಮಾಲೀಕರು ವಿಮೆ ಕಟ್ಟುವುದು? ನೀವೇನಂತೀರಿ?