ಫ್ರೆಂಚ್ ಕ್ರಿಯಾಪದಗಳ ಮೌನವರ್ಣಗಳು

ಸಂಸ್ಕೃತದಲ್ಲಿ ‘ಭವತಿ’ ಎಂಬುದು ಏಕವಚನ, ‘ಭವಂತಿ’ ಎಂಬುದು ಬಹುವಚನ. ನಡುವೆ ಸೇರಿದ ಒಂದು ನಕಾರದಿಂದಲೇ ಕರ್ತೃಗಳು ಅನೇಕರೆಂಬುದು ಕಿವಿಗೆ ತಿಳಿಯುವುದು. ಈ ಪ್ರತ್ಯಯದ ಸೋದರವು ಲ್ಯಾಟಿನ್ ಭಾಷೆಯಲ್ಲಿಯೂ ಇದ್ದಿತು. ಅಲ್ಲಿ ‘ಅಮತ್’ ಎಂದರೆ ಪ್ರೀತಿಸುತ್ತಾನೆ, ‘ಅಮಂತ್’ ಎಂದರೆ ಪ್ರೀತಿಸುತ್ತಾರೆ. ಲ್ಯಾಟಿನ್ನಿನ ಮಗಳಾದ ಫ್ರೆಂಚಿಗೆ ಈ ಸ್ವತ್ತು ಬಂದ ಬಗೆ ಮಾತ್ರ ವಿಚಿತ್ರವಾದುದು. ಬಹುವಚನದ ನಕಾರ ತಕಾರಗಳು ಕಾಗದದ ಮೇಲೆ ಉಳಿದುವು, ಬಾಯಿಂದ ಹೊರಟುಹೋದುವು. ಏಕವಚನಕ್ಕೆ ೪ ವರ್ಣಗಳನ್ನೂ ಬಹುವಚನಕ್ಕೆ ೬ ವರ್ಣಗಳನ್ನೂ ಬರೆಯುವರು. ಓದುವಾಗ ಎರಡೂ ‘ಎಮ್’ ಎಂಬ ಒಂದೇ ಅಕ್ಷರ.

ಮೊದಲು ಹೀಗಿರಲಿಲ್ಲ. ಪ್ರಾಚೀನ ಫ್ರೆಂಚಿನಲ್ಲಿ ಎರಡು ರೂಪಗಳೂ ಎರಡೆರಡು ಅಕ್ಷರದವು. ಏಕವಚನದ ತಕಾರವು ಸುಮಾರು ೧೨ನೆಯ ಶತಮಾನದ ವೇಳೆಗೆ ಲೋಪವಾಯಿತು. ಕೊನೆಯ ದುರ್ಬಲವಾದ ಎಕಾರವು ೧೬, ೧೭ನೆಯ ಶತಮಾನಗಳಲ್ಲಿ ಪ್ಯಾರಿಸಿನ ಮಾತಿನಿಂದ ಮೆಲ್ಲಗೆ ಜಾರಿತು. ದಕ್ಷಿಣ ಸೀಮೆಯವರಲ್ಲಿ ಅದು ಇಂದಿಗೂ ಕೇಳಿಬರುವುದುಂಟು. ಪದ್ಯವಾದರೋ ಅದನ್ನು ಬಿಡಲಿಲ್ಲ. ರಾಸೀನನ ೧೨ ಅಕ್ಷರದ ಪಾದದ ನಡುವೆ ಈ ಬಹುವಚನ ಬಂದರೆ ಎರಡಕ್ಷರವಾಗಿಯೇ ಎಣಿಸಬೇಕು. ನಟನು ಒಂದಾಗಿ ನುಡಿದನೆಂದರೆ ಛಂದೋಭಂಗ. ಮುಂದಿನ ಪದವು ಸ್ವರದಿಂದ ಮೊದಲಾದರೆ ಏಕವಚನದ ಎಕಾರ ಲೋಪವಾಗುವುದು, ಬಹುವಚನದ್ದು ಆಗದು; ಬರೆಹದ ನಕಾರ ತಕಾರಗಳು ಅದಕ್ಕೆ ಕಾವಲಿವೆ. ಆದರೆ ಇವೇ ವರ್ಣಗಳಿಂದ ಮುಗಿಯುವ ‘ಎಮೆ’ (ಪ್ರೀತಿಸುತ್ತಿದ್ದರು) ಎಂಬ ಭೂತಕಾಲದ ರೂಪದಲ್ಲಿ ಅವುಗಳಿಗೆ ಬೇರೆ ಅಕ್ಷರದ ಎಣಿಕೆಯಿಲ್ಲ.

ತಕಾರದ ಕಥೆ ಇನ್ನೂ ಸ್ವಾರಸ್ಯವಾದುದು. ಪ್ರಶ್ನೆ ಕೇಳುವಾಗ ಫ್ರೆಂಚರು ‘ಇಲ್’ ಎಂಬ ಸರ್ವನಾಮವನ್ನು ಕ್ರಿಯಾಪದದ ಅನಂತರ ಇಡುವರು. ಆಗ ಬಹುವಚನದ ತಕಾರವು ಎಚ್ಚೆತ್ತು, ಮುಂದಿನ ಅಕ್ಷರಕ್ಕೆ ಸೇರಿ, ‘ಎಮ್–ತಿಲ್’ ಎಂದಾಗುವುದು. ಏಕವಚನದಲ್ಲಿಯೂ ಕೇಳುವುದು ‘ಎಮ್–ತಿಲ್’ ಎಂದೇ. ಇದು ಲ್ಯಾಟಿನ್ನಿನ ತಕಾರವೇ ಉಳಿದುದೆಂದು ಭ್ರಮಿಸಬಾರದು. ಅದು ಅಳಿದ ಎಷ್ಟೋ ಕಾಲದ ಮೇಲೆ, ‘ದಿ–ತಿಲ್’, ‘ಫೆ–ತಿಲ್’ ಮೊದಲಾದ ರೂಪಗಳ ಸಾದೃಶ್ಯದಿಂದ ಬಂದ ಆಗಮವಿದು. ನಮ್ಮ ‘ಮನೆಯನ್ನು’ ಎಂಬಲ್ಲಿ ಯಕಾರವು ಬಂದು ಎರಡು ಸ್ವರಗಳ ನಡುವೆ ನಿಲ್ಲುವುದಷ್ಟೆ, ಹಾಗೆ. ಇದನ್ನು ನುಡಿಯುತ್ತಿದ್ದರೂ ಬಹುಕಾಲ ಬರೆಯುತ್ತಿರಲಿಲ್ಲ. ೧೬೪೭ರಲ್ಲಿ ವೋಜ್ಲಾ ಎಂಬ ವಿದ್ವಾಂಸನು, ನುಡಿಯುವ ತಕಾರವನ್ನು ಬರೆಯಲೂ ಬೇಕೆಂದು ವಿಧಿಸಿದನು. ನುಡಿಯದುದನ್ನು ಬರೆಯುವ, ನುಡಿಯುವುದನ್ನು ಬರೆಯದಿರುವ ಜನರಿಗೆ ಈ ವಿಧಿ ಬೇಕಾಗಿತ್ತು.

ಬರೆಹವು ನುಡಿಯನ್ನು ಅನುಸರಿಸಬೇಕೆಂದು ಲೂಯಿ ಮೆಗ್ರೆ ಎಂಬವನು ೧೫೪೨ರಲ್ಲಿಯೇ ವಾದಿಸಿ, ೧೫೫೦ರಲ್ಲಿ ತನ್ನ ವ್ಯಾಕರಣವನ್ನು ಆ ಹೊಸ ಕ್ರಮದಲ್ಲಿಯೇ ಅಚ್ಚುಮಾಡಿಸಿದನು. ಅದು ನಿಲ್ಲಲಿಲ್ಲ. ೧೬೩೫ರಲ್ಲಿ ಸ್ಥಾಪಿತವಾದ ಅಕಾಡೆಮಿಯು ತನ್ನ ನಿಘಂಟಿನ ಬರೆಹಕ್ರಮವನ್ನು ಗೊತ್ತುಮಾಡುವಾಗ, ೧೬೭೩ರ ಅದರ ಟಿಪ್ಪಣಿಯು, ವಿದ್ವಾಂಸರನ್ನು ಅಜ್ಞರಿಂದಲೂ ಸಾಮಾನ್ಯ ಸ್ತ್ರೀಯರಿಂದಲೂ ಬೇರ್ಪಡಿಸುವ ಹಳೆಯ ಬರೆಹವೇ ಮೇಲೆಂದಿತು. ವಿದ್ಯೆಯನ್ನು ಬೇಲಿಯಾಗಿ ಬಳಸುವ ಈ ಬುದ್ಧಿ ಪಂಡಿತರಿಗೆ ಯಾವ ದೇಶದಲ್ಲಿಯೂ ಹೊಸದಲ್ಲ.

ಒಂದು ಜಯ ಮಾತ್ರ ನುಡಿಗೆ ದೊರೆಯಿತು. ಆ ಭೂತಕಾಲದ ಪ್ರತ್ಯಯವನ್ನು ‘ಒ’ ‘ಇ’ ಎಂಬ ವರ್ಣಗಳಿಂದ ಬರೆದು ‘ಎ’ ಎಂದು ನುಡಿಯುತ್ತಿದ್ದರು. ‘ಎ’ ಎಂಬ ಉಚ್ಚಾರಣೆಗೆ ರೂಢಿಯಾಗಿದ್ದ ‘ಅ’ ‘ಇ’ ವರ್ಣಗಳನ್ನೇ ಇಲ್ಲಿಯೂ ಬರೆಯಬೇಕೆಂದು ನಿಕೊಲಾ ಬೆರೆಂ ೧೬೭೫ರಲ್ಲಿ ಸೂಚಿಸಿದನು. ವೊಲ್ತೇರನು ಆ ಪಕ್ಷವನ್ನು ಹಿಡಿದು ಬಹುವಾಗಿ ವಾದಿಸಿ, ೧೭೭೮ರಲ್ಲಿ ತೀರಿಕೊಂಡನು. ಅಕಾಡೆಮಿಯ ನಿಘಂಟು ಒಪ್ಪಿದುದು ೧೮೩೫ರಲ್ಲಿ. ಬಹುವಚನದ ನಕಾರ ತಕಾರಗಳನ್ನು ಆ ತಿದ್ದುಪಡಿಯು ಮುಟ್ಟಲಿಲ್ಲ. ಇಂದಿಗೂ ಉಕ್ತಲೇಖನ ಬರೆಯುವ ಫ್ರೆಂಚ್ ಬಾಲಕನು ‘ಎಮ್’ ಎಂಬುದನ್ನು ಕೇಳಿ, ಕರ್ತೃ ಒಬ್ಬನೋ ಅನೇಕರೋ ಎಂದು ವಾಕ್ಯದಲ್ಲಿ ಹುಡುಕಿ, ಅನಂತರವೇ ಆ ಎರಡು ವರ್ಣಗಳನ್ನು ಬರೆಯುತ್ತಾನೆ.